ಪರದೆಯ ಮೂಲೆಯ ಕಿಟಕಿ

ಜನವರಿ ೧೨

ಶನಿವಾರದ ವಾದ ಮಂಡಳಿಯ ಎಲ್ಲ ಸದಸ್ಯರಿಗೆ,

ನಿನ್ನೆ ಸಂಜೆ ಗ್ರಂಥಾಲಯದ ಮೇಲಂತಸ್ತಿನಲ್ಲಿ ನನ್ನ ಮಗಳ ನೆನಪಿಗಾಗಿ ನೆರೆದ ನಿಮಗೆಲ್ಲ ವಂದನೆಗಳು. ಕೆಲಸ ಬಿಟ್ಟು ಬಂದವರಿದ್ದಿರಿ, ಮಂಡಿನೋವು ಇಟ್ಟುಕೊಂಡೇ ಮೆಟ್ಟಿಲು ಹತ್ತಿ ಬಂದವರಿದ್ದಿರಿ. ಒಬ್ಬರು ಇನ್ನೊಬ್ಬರ ಮಾತನ್ನು ಕತ್ತರಿಸದ ಸಭೆಯೊಂದು ನಮ್ಮ ಮಂಡಳಿಯಲ್ಲಿ ನಡೆದದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ಅಷ್ಟಕ್ಕೆ ನಾನು ಕೃತಜ್ಞ.

ಆದರೆ ನಿಮ್ಮ ಸಹಾನುಭೂತಿಯನ್ನು ನಾನು ಸ್ವೀಕರಿಸಲಾರೆ. ಅದು ಪ್ರಾಮಾಣಿಕವಲ್ಲವೆಂಬುದು ನನ್ನ ಆಕ್ಷೇಪವಲ್ಲ. ಸಹಾನುಭೂತಿಗೆ ಪ್ರತಿವಾದವಿಲ್ಲ ಎಂಬುದೇ ನನ್ನ ಆಕ್ಷೇಪ. ಕಾಲೇಜಿನ ವೇದಿಕೆ ಹತ್ತಿದ ದಿನದಿಂದ ನಾನು ಉತ್ತರ ಕೊಡಲಾಗದ ಮಾತಿನ ಮುಂದೆ ಕುಳಿತವನಲ್ಲ. ಈ ವಯಸ್ಸಿನಲ್ಲಿ ಅದನ್ನು ಕಲಿಯುವ ಇಚ್ಛೆಯೂ ಇಲ್ಲ.

ಇನ್ನು ನಿಮ್ಮ ನಿರ್ಣಯದ ವಿಚಾರ. ನಮ್ಮ ವಾದಗಳು ಅಂತರ್ಜಾಲದಲ್ಲಿ ನೇರಪ್ರಸಾರವಾಗುವಾಗ ಪರದೆಯ ಬಲಮೂಲೆಯ ಪುಟ್ಟ ಕಿಟಕಿಯಲ್ಲಿ ನಿಂತು, ನಾವಾಡಿದ್ದನ್ನೆಲ್ಲ ಕಿವಿ ಕೇಳದವರಿಗಾಗಿ ಸನ್ನೆ ಭಾಷೆಗೆ ತಿರುಗಿಸುತ್ತಿದ್ದವಳು ನನ್ನ ಮಗಳು. ಸೆಪ್ಟೆಂಬರಿನಲ್ಲಿ ಅವಳು ಜ್ವರವೆಂದು ಆಸ್ಪತ್ರೆ ಸೇರಿ ಮರಳದೆ ಹೋದ ಮೇಲೆ ಆ ಕಿಟಕಿ ಮುಚ್ಚಿದೆ. ಅಲ್ಲಿ ಅವಳ ಭಾವಚಿತ್ರವನ್ನು ಶಾಶ್ವತವಾಗಿ ಇರಿಸಬೇಕೆಂದು ನೀವು ಒಮ್ಮತದಿಂದ ನಿರ್ಣಯಿಸಿದ್ದೀರಿ. ಅಧ್ಯಕ್ಷನ ಅಧಿಕಾರದಿಂದ ಅದನ್ನು ತಳ್ಳಿಹಾಕಿದ್ದೇನೆ. ಭಾವಚಿತ್ರ ಕೈ ಆಡಿಸುವುದಿಲ್ಲ. ಆ ಕಿಟಕಿ ಇರುವುದು ಒಂದು ಭಾಷೆ ಕಾಣಲೆಂದು, ನಾವು ಮರುಗಲೆಂದಲ್ಲ.

ಏಪ್ರಿಲ್ ಮುಗಿಯುವವರೆಗೆ ಆ ಮೂಲೆಯ ಹೊಣೆ ನನ್ನದು. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟತಕ್ಕದ್ದಲ್ಲ.

ಇತಿ,
ನಿಮ್ಮ ಅಧ್ಯಕ್ಷ


ಜನವರಿ ೨೬

ಅಧ್ಯಕ್ಷರಿಗೆ ನಮಸ್ಕಾರ.

ನೀವು ಮಂಡಳಿಗೆ ಬರೆದ ಪತ್ರವನ್ನು ನಿಮ್ಮ ಸಭಾಂಗಣದ ಪ್ರೊಜೆಕ್ಟರ್ ಅಣ್ಣ ನನಗೆ ತೋರಿಸಿದರು. ಸಹಾನುಭೂತಿ ಬೇಡ ಎಂದಿದ್ದೀರಿ. ಒಳ್ಳೆಯದಾಯಿತು. ನಾನು ತಂದಿರುವುದು ದೂರು.

ನಾನು ಕಿವುಡು ಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನಗೂ ಕಿವಿ ಕೇಳದು, ಹಾಗಾಗಿ ಫೋನು ಮಾಡಲಾರೆ. ಮೆಸೇಜು ಕಳಿಸೋಣವೆಂದರೆ ನೀವು ಓದುವುದಿಲ್ಲವಂತೆ. "ನಮ್ಮಪ್ಪನಿಗೆ ಕಾಗದ, ತಾರೀಖು, ಸಹಿ ಇದ್ರೇನೇ ಅದು ಮಾತು, ಇಲ್ದಿದ್ರೆ ಗಲಾಟೆ" ಎಂದು ನಿಮ್ಮ ಮಗಳೇ ಹೇಳಿದ್ದಳು.

ಶನಿವಾರಗಳಂದು ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಎಲ್ಲ ಸೇರಿ ಶಾಲೆಯ ಊಟದ ಕೋಣೆಯ ಗೋಡೆಯ ಮೇಲೆ ನಿಮ್ಮ ವಾದ ನೋಡುತ್ತಿದ್ದೆವು. ಈಗಲೂ ಹಟ ಹಿಡಿದು ಕೂರುತ್ತೇವೆ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ. ಮೀನಿನ ತೊಟ್ಟಿ ನೋಡಿದ ಹಾಗಿದೆ. ನಿಮಗೆ ಅವಮಾನ ಮಾಡಬೇಕೆಂದಲ್ಲ, ತೊಟ್ಟಿಯಲ್ಲಿ ನೀವೇ ದೊಡ್ಡ ಮೀನು.

ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ಅವಳು 'ಜಡೆಯಲ್ಲಿ ಪೆನ್ಸಿಲ್.' ನೀವು 'ಎತ್ತಿದ ಬೆರಳು.' ಯಾಕೆಂದು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಅವಳ ಕೈಕೆಳಗೆ ಕಲಿತ ಹುಡುಗಿಯೊಬ್ಬಳು ಈಗ ಪರೀಕ್ಷೆ ಮುಗಿಸಿ ದುಭಾಷಿಯಾಗಿದ್ದಾಳೆ. ಶನಿವಾರಕ್ಕೆ ಬರಲು ತಯಾರಿದ್ದಾಳೆ, ಆದರೆ ನಿಲ್ಲಲು ಕಿಟಕಿಯಿಲ್ಲ. ಜಡೆಯಲ್ಲಿ ಪೆನ್ಸಿಲ್ ಫೋನನ್ನು ಪುಸ್ತಕಕ್ಕೆ ಆನಿಸಿ ಹೇಗೋ ನಿಭಾಯಿಸುತ್ತಿದ್ದಳು. ಅದು ಸರಿಹೋಗದೆ ಒಂದು ಒಳ್ಳೆಯ ಕ್ಯಾಮೆರಾ ಕೊಂಡಿದ್ದಳು. ನಿಮ್ಮ ಮನೆಯಲ್ಲೇ, ಅವಳ ಮೇಜಿನ ಮೇಲೆ ಇರಬೇಕು. ಆದರೆ ಆ ಕ್ಯಾಮೆರಾದ ಚಿತ್ರ ನೆಟ್ಟಗೆ ಕಂಪ್ಯೂಟರಿಗೆ ಇಳಿಯುವುದಿಲ್ಲ. ನಡುವೆ ಕ್ಯಾಪ್ಚರ್ ಕಾರ್ಡ್ ಎಂಬ ಪುಟ್ಟ ಡಬ್ಬಿ ಬೇಕು. ಓಡುತ್ತಿರುವ ಚಿತ್ರವನ್ನು ಹಿಡಿದು ಕಂಪ್ಯೂಟರಿನ ಕೈಗೆ ಕೊಡುವುದು ಅದರ ಕೆಲಸ. ಯಾವುದನ್ನು ಕೊಳ್ಳುವುದೆಂದು ಅವಳು ಬೇಸಗೆಯಿಡೀ ನನ್ನ ತಲೆ ತಿಂದಳು. ಆರಿಸುತ್ತಲೇ ಇದ್ದಳು.

ಮುಂದಿನದು ನೀವು ಆರಿಸಿ.

ಗಣಿತದ ಟೀಚರ್


ಫೆಬ್ರವರಿ ೯

ಮಾನ್ಯ ಶಿಕ್ಷಕಿಯವರಿಗೆ,

ನಿಮ್ಮ ದೂರನ್ನು ಅಂಗೀಕರಿಸಿದ್ದೇನೆ. ಮೀನಿನ ಹೋಲಿಕೆಯನ್ನು ಕಡತಕ್ಕೆ ಸೇರಿಸಿಕೊಂಡಿಲ್ಲ.

ಕ್ಯಾಮೆರಾ ನೀವು ಹೇಳಿದ ಜಾಗದಲ್ಲೇ ಇತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ಎಲೆಕ್ಟ್ರಾನಿಕ್ಸ್ ಬೀದಿಗೆ ಹೋದೆ. ಅಂಗಡಿಯ ತರುಣ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಗೇಮಿಂಗಾ ಅಂಕಲ್? ಯಾವ ಗೇಮ್ ಆಡ್ತೀರ?"

"ನಾನು ಆಡುವುದಿಲ್ಲ. ವಾದಿಸುತ್ತೇನೆ."

"ಅದು ಗೊತ್ತಾಗ್ತಿದೆ ಬಿಡಿ. ಬಂದಾಗಿಂದ ಅದನ್ನೇ ಮಾಡ್ತಿದೀರಲ್ಲ."

ಕಾರ್ಡುಗಳಲ್ಲಿ ಎರಡು ಜಾತಿ. ಒಂದನ್ನು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಒಳಗೆ ಕೂರಿಸಬೇಕು. ಇನ್ನೊಂದು ಹೊರಗೇ ಇದ್ದು ಯುಎಸ್‌ಬಿ ತಂತಿಯಲ್ಲಿ ಸೇರಿಕೊಳ್ಳುತ್ತದೆ. ನಮ್ಮ ಕಂಪ್ಯೂಟರು ಗ್ರಂಥಾಲಯದ ಸ್ವತ್ತಾದ್ದರಿಂದ ಅದರ ಹೊಟ್ಟೆ ಬಿಚ್ಚುವ ಅಧಿಕಾರ ನನಗಿಲ್ಲ. ಆದ್ದರಿಂದ ಹೊರಗಿನದೇ ಸರಿ. ಹೊರಗಿನವುಗಳಲ್ಲಿ ಡಬ್ಬಿಯ ಮೇಲೆ ಅತ್ಯಂತ ದೊಡ್ಡಕ್ಷರದಲ್ಲಿ 4K ಎಂದು ಚಿತ್ರದ ಸ್ಪಷ್ಟತೆಯ ಸಂಖ್ಯೆ ಬರೆದಿದ್ದನ್ನು ಕೊಂಡೆ. ಮಿಕ್ಕವು ಅಷ್ಟು ಧೈರ್ಯವಾಗಿ ತಮ್ಮ ಪಕ್ಷವನ್ನು ಮಂಡಿಸಿರಲಿಲ್ಲ.

ಬರುವ ಶನಿವಾರ ಮಧ್ಯಾಹ್ನ ಪ್ರಯೋಗ. ಕ್ಯಾಮೆರಾದ ಮುಂದೆ ನಾನೇ ನಿಲ್ಲುತ್ತೇನೆ. ಮಗಳ ಕೋಣೆಯ ಗೋಡೆಗೆ ಅಂಟಿಸಿದ್ದ ಬೆರಳಕ್ಷರಗಳ ಪಟವನ್ನು ನೋಡಿ ಅಭ್ಯಾಸ ಮಾಡುತ್ತಿದ್ದೇನೆ. ನೀವು ಶಾಲೆಯಿಂದ ವೀಕ್ಷಿಸಿ ಲಿಖಿತ ವರದಿ ಕಳುಹಿಸತಕ್ಕದ್ದು.

ಇತಿ,
ಅಧ್ಯಕ್ಷ


ಫೆಬ್ರವರಿ ೧೮

ಅಧ್ಯಕ್ಷರಿಗೆ ನಮಸ್ಕಾರ. ಲಿಖಿತ ವರದಿ:

ಧ್ವನಿ ಅದ್ಭುತ. ಒಂದು ಅಕ್ಷರ ಒಡೆದಿಲ್ಲ, ಉಸಿರೂ ಸ್ಪಷ್ಟವಾಗಿತ್ತು. ಇದು ನಮ್ಮ ಅಕ್ಕ ಹೇಳಿದ್ದು. ಅವಳು ಬಸ್ ಓಡಿಸುತ್ತಾಳೆ, ಮನೆಯಲ್ಲಿ ಕಿವಿ ಕೇಳುವವಳು ಅವಳೊಬ್ಬಳೇ. ನೀವು ಮೈಕಿನ ಮುಂದೆ ಬಹಳ ಹೊತ್ತು ಮಾತಾಡಿದಿರಂತೆ. "ಯಾರಿಗಮ್ಮಾ ಇವರು ಹೇಳ್ತಿರೋದು? ಕೇಳಿಸ್ಕೊಳ್ಳೋಳು ನಾನೊಬ್ಳೇ, ನಂಗೆ ಡ್ಯೂಟಿಗೆ ಹೊತ್ತಾಯ್ತು" ಅಂದು ಎದ್ದು ಹೋದಳು.

ಕಿವುಡರ ಕಿಟಕಿಗೆ ಮೈಕು ಪರೀಕ್ಷೆ ಮಾಡಿದ ಮೊದಲನೆಯವರು ನೀವು. ಊಟದ ಕೋಣೆಯಲ್ಲಿ ಇದು ಬಹಳ ದಿನ ಓಡುವ ಜೋಕು.

ಕೊನೆಯಲ್ಲಿ ಬೆರಳಕ್ಷರಗಳಲ್ಲಿ ಏನೋ ಬರೆದಿರಿ. ಅದೊಂದೂ ತಿಳಿಯಲಿಲ್ಲ. ಕೈ ನಿಂತಾಗ ಬೆರಳು ಕಾಣುತ್ತದೆ. ಆಡಿದರೆ ಎಲ್ಲ ಕಲಸಿದ ಹಿಟ್ಟು. ನೀವು ಮಾತಾಡುವಾಗ ನಡುನಡುವೆ ಅಕ್ಷರಗಳನ್ನು ಯಾರೋ ನುಂಗಿಬಿಟ್ಟರೆ ಹೇಗಿರುತ್ತದೋ ಹಾಗೆ. ಸಾಲದ್ದಕ್ಕೆ ನಿಮ್ಮ ಎದೆಯ ಮೇಲೆ ಬ್ಯಾಟರಿಯ ಚಿಹ್ನೆಯೊಂದು ಉದ್ದಕ್ಕೂ ಮಿನುಗುತ್ತಿತ್ತು. ನಿಮ್ಮ ಚಾರ್ಜು ಕಡಿಮೆಯಾಗಿದೆ ಎಂದು ನಮ್ಮವರೆಲ್ಲ ಚಿಂತೆ ಮಾಡಿದರು.

ಆ ಕ್ಯಾಮೆರಾ ಚೆನ್ನಾಗಿಲ್ಲ ಅನಿಸುತ್ತದೆ. ಅದನ್ನು ಬಿಟ್ಟು ಬೇರೆಯದು ನೋಡಿ. ಬೆರಳು ಕಾಣದ ಕಿಟಕಿಗಿಂತ ಮುಚ್ಚಿದ ಕಿಟಕಿಯೇ ವಾಸಿ.

ಗಣಿತದ ಟೀಚರ್


ಫೆಬ್ರವರಿ ೨೨

ಮಾನ್ಯ ಶಿಕ್ಷಕಿಯವರಿಗೆ,

ಬ್ಯಾಟರಿಯ ಚಿಹ್ನೆಯನ್ನು ಒಪ್ಪುತ್ತೇನೆ. ಕ್ಯಾಮೆರಾದ ಆಯ್ಕೆಗಳಲ್ಲಿ ಅದನ್ನು ಮರೆಮಾಡುವ ಏರ್ಪಾಡಿದೆ, ಮಾಡಿದ್ದೇನೆ. ಮೈಕಿನ ಬಗ್ಗೆ ನನ್ನ ಉತ್ತರವನ್ನು ಕಾಯ್ದಿರಿಸಿದ್ದೇನೆ.

ಆದರೆ ಚಿತ್ರ ಕಲಸಿತ್ತೆಂಬ ಮಾತನ್ನು ಸಂಪೂರ್ಣವಾಗಿ ನಿರಾಕರಿಸುತ್ತೇನೆ. ಆ ಡಬ್ಬಿಯಿಂದ ಹೊರಟ ಒಂದು ತಂತಿ ಸಭಾಂಗಣದ ಟಿವಿಗೆ ಹೋಗುತ್ತದೆ. ಪ್ರಯೋಗದ ಉದ್ದಕ್ಕೂ ನಾನು ಆ ಟಿವಿಯನ್ನೇ ನೋಡುತ್ತಿದ್ದೆ. ನನ್ನ ಉಗುರಿನ ಅಂಚೂ ಕಾಣುತ್ತಿತ್ತು. ಪ್ರತ್ಯಕ್ಷ ಕಂಡದ್ದಕ್ಕೆ ಬೇರೆ ಸಾಕ್ಷಿ ಬೇಡ. ದೋಷ ನಿಮ್ಮ ಗೋಡೆಯಲ್ಲಿರಬೇಕು, ಇಲ್ಲವೇ ನಿಮ್ಮ ಶಾಲೆಯ ಅಂತರ್ಜಾಲದಲ್ಲಿ.

ಕ್ಯಾಮೆರಾವನ್ನು ಬದಲಾಯಿಸುವ ಪ್ರಶ್ನೆಯೇ ಇಲ್ಲ.

ಅಧ್ಯಕ್ಷ


ಫೆಬ್ರವರಿ ೨೭

ಎತ್ತಿದ ಬೆರಳಿನವರೇ,

ನೀವು ನೋಡಿದ್ದು ಡಬ್ಬಿಯನ್ನು ಬರೀ ಹಾದುಹೋಗುವ ಚಿತ್ರ. ಟಿವಿಗೆ ಅದು ಬಂದದ್ದನ್ನು ಬಂದಂತೆ ದಾಟಿಸಿಬಿಡುತ್ತದೆ. ನಮಗೆ ಬರುವುದು ಅದು ಹಿಡಿದು ಕಂಪ್ಯೂಟರಿಗೆ ಕೊಟ್ಟ ಚಿತ್ರ. ಎರಡೂ ಒಂದೇ ಅಲ್ಲ.

ವೇದಿಕೆಯ ಮೇಲೆ ನಿಂತವರಿಗೆ ತಮ್ಮ ಮಾತು ಹೇಗೆ ಕಾಣುತ್ತದೋ ಅದು ಆ ಟಿವಿ. ಕೆಳಗೆ ಕೂತವರಿಗೆ ಹೇಗೆ ಮುಟ್ಟುತ್ತದೋ ಅದು ನಾವು. ಒಮ್ಮೆ ಕೆಳಗಿಳಿದು ಬಂದು ಕಂಪ್ಯೂಟರಿನಲ್ಲಿ ರೆಕಾರ್ಡ್ ಆದದ್ದನ್ನು ನೋಡಿ. ಆಮೇಲೆ ವಾದ ಮಾಡೋಣ.

ಟೀಚರ್


ಮಾರ್ಚ್ ೧೫

ಮಾನ್ಯ ಶಿಕ್ಷಕಿಯವರಿಗೆ,

ಕೆಳಗಿಳಿದು ನೋಡಿದೆ. ಹಿಟ್ಟು ಎಂಬ ನಿಮ್ಮ ಪದ ಉದಾರವಾಗಿತ್ತು.

ಆದರೆ ಅರ್ಧ ವಾದವನ್ನಷ್ಟೇ ನಿಮಗೆ ಬಿಟ್ಟುಕೊಡುತ್ತೇನೆ. ಅದೇ ಕ್ಯಾಮೆರಾದಲ್ಲಿ, ಅದರ ಸ್ವಂತ ಮೆಮೊರಿಗೇ ಚಿತ್ರ ತೆಗೆದು ಪರೀಕ್ಷಿಸಿದೆ. ಬೆರಳು ಬೆರಳಾಗಿಯೇ ಇವೆ. ಕ್ಯಾಮೆರಾ ನಿರ್ದೋಷಿ. ನನ್ನ ಮಗಳ ಆಯ್ಕೆ ತಪ್ಪಲಿಲ್ಲ, ತಪ್ಪಿದ್ದು ನನ್ನದು. ದಯವಿಟ್ಟು ನಿಮ್ಮ ವರದಿಯನ್ನು ಆ ಮಟ್ಟಿಗೆ ತಿದ್ದಿಕೊಳ್ಳಿ.

ನಾನು ಕೊಂಡ ಡಬ್ಬಿಯ ಮುಖದಲ್ಲಿದ್ದ ದೊಡ್ಡ ಸಂಖ್ಯೆ ಅದು ಏನನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದರದ್ದು. ಕಂಪ್ಯೂಟರಿಗೆ ಏನು ಕೊಡುತ್ತದೆ ಎಂಬುದು ಬೆನ್ನಿನ ಮೇಲೆ ಸಣ್ಣಕ್ಷರದಲ್ಲಿತ್ತು. ಸೆಕೆಂಡಿಗೆ ಮೂವತ್ತು ಚಿತ್ರ ಮಾತ್ರ, ಅದನ್ನೂ ಹಿಂಡಿ ಹಿಪ್ಪೆ ಮಾಡಿ. ಕೂತು ಮಾತಾಡುವವನ ಮುಖಕ್ಕೆ ಅದು ಸಾಕು, ಆಡುವ ಕೈಗೆ ಸಾಲದು. ಅಂಗಡಿಗೆ ಮರಳಿದೆ.

"ಏನ್ ಅಂಕಲ್, ಸೋತ್ರಾ?"

"ಒಂದು ಸುತ್ತು. ಸೆಕೆಂಡಿಗೆ ಅರವತ್ತು ಚಿತ್ರ ಕಂಪ್ಯೂಟರಿಗೆ ತಲುಪಿಸುವುದನ್ನು ಕೊಡು. ಟಿವಿಗಲ್ಲ, ಕಂಪ್ಯೂಟರಿಗೆ."

"ಈಗ ಸರಿಯಾಗಿ ಕೇಳಿದ್ರಿ ನೋಡಿ" ಎಂದು ದೊಡ್ಡಕ್ಷರವೇ ಇಲ್ಲದ ಡಬ್ಬಿಯೊಂದನ್ನು ತೆಗೆದುಕೊಟ್ಟ.

ಅದೂ ಮೊದಲಿಗೆ ತಡವರಿಸಿತು. ಪ್ರೊಜೆಕ್ಟರಿನವರು ಅದನ್ನು ಕಂಪ್ಯೂಟರಿನ ಮುಂಬದಿಯ ಯುಎಸ್‌ಬಿ ಕಿಂಡಿಗೆ ಚುಚ್ಚಿದ್ದರು. ವೇಗದ ಕಿಂಡಿ ಹಿಂಬದಿಯಲ್ಲಿದೆ, ನೀಲಿ ಬಣ್ಣದ್ದು. "ಸಾರ್, ಹಿಂದಕ್ಕೆ ಕೈ ಹೋಗಲ್ಲ, ಮೇಜು ಎಳೀಬೇಕು" ಎಂದರು. ಮೇಜನ್ನು ಇಬ್ಬರೂ ಸೇರಿ ಎಳೆದೆವು. ಅಂದು ಮಧ್ಯಾಹ್ನ ರೆಕಾರ್ಡಾದ ಚಿತ್ರವನ್ನು ಈ ಪತ್ರದ ಜೊತೆಗಿನ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ. ಟಿವಿಯನ್ನು ಆರಿಸಿಟ್ಟೇ ತೆಗೆದದ್ದು.

ಕೊನೆಯದಾಗಿ ಒಂದು ಸಂದೇಹ. ಚಿತ್ರವನ್ನು ಹೋಲಿಸಿ ನೋಡಲೆಂದು ಮಗಳ ಹಳೆಯ ಪ್ರಸಾರಗಳನ್ನು ತೆರೆದೆ. ನಾನು ಅವನ್ನು ಈವರೆಗೆ ನೋಡಿರಲಿಲ್ಲ. ಅವಳು ಕಿಟಕಿಯಲ್ಲಿದ್ದಾಗಲೆಲ್ಲ ನಾನು ವೇದಿಕೆಯ ಮೇಲಿರುತ್ತಿದ್ದೆ. ಈಗ ಪ್ರತಿದಿನ ಒಂದನ್ನು ನೋಡುತ್ತೇನೆ, ಮೂಲೆಯನ್ನು ಮಾತ್ರ. ಅವಳು ಎಡ ಅಂಗೈ ಚಾಚಿ, ಅದರ ಮೇಲೆ ಬಲಗೈಯ ಎರಡು ಬೆರಳನ್ನು ಮೆಲ್ಲಗೆ ಸುತ್ತಿಸಿ, ಹುಬ್ಬು ಏರಿಸಿ, ಕೆನ್ನೆ ಉಬ್ಬಿಸುವ ಸನ್ನೆಯೊಂದಿದೆ. ಬೇರೆಯವರ ಭಾಷಣದಲ್ಲಿ ಅದು ಬರುವುದಿಲ್ಲ. ನನ್ನ ಸಮಾರೋಪಗಳಲ್ಲಿ ಪದೇ ಪದೇ ಬರುತ್ತದೆ. ಯಾವುದೋ ಗಹನವಾದ ತಾತ್ತ್ವಿಕ ಪದವಿರಬೇಕೆಂದು ನನ್ನ ಊಹೆ. ಅವಳ ಪಟದಲ್ಲಿ, ನಿಘಂಟಿನಲ್ಲಿ ಎಲ್ಲಿಯೂ ಸಿಗಲಿಲ್ಲ. ಅರ್ಥ ತಿಳಿಸುವಿರಾ?

ಇತಿ,
ಅಧ್ಯಕ್ಷ


ಏಪ್ರಿಲ್ ೧೦

ಎತ್ತಿದ ಬೆರಳಿನವರೇ,

ಉತ್ತರ ತಡವಾಯಿತು. ಶಾಲೆಯಲ್ಲಿ ಪರೀಕ್ಷೆಗಳಿದ್ದವು ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ನಿಮ್ಮ ಪ್ರಶ್ನೆಯನ್ನು ಇಟ್ಟುಕೊಂಡು ಕೂತಿದ್ದೆ. ಅಕ್ಕನನ್ನು ಕೇಳಿದೆ. "ಹೇಳಿಬಿಡೇ. ಸುಳ್ಳು ಹೇಳಿದ್ರೆ ಆ ಮನುಷ್ಯ ನಿಘಂಟು ಸಮೇತ ಮನೆಗೇ ಬರ್ತಾರೆ" ಅಂದಳು.

ಚಿತ್ರ ಬಹಳ ಚೆನ್ನಾಗಿದೆ. ನೀವು ಬೆರಳಲ್ಲಿ ಬರೆದದ್ದನ್ನು ಓದಿದೆ. ಅದರಲ್ಲಿ ಎರಡು ಅಕ್ಷರ ತಪ್ಪು, ಮೂರನೆಯದು ಅಕ್ಷರವೇ ಅಲ್ಲ, ಆದರೆ ತಪ್ಪು ತಪ್ಪಾಗಿಯೇ ನಿಚ್ಚಳವಾಗಿ ಕಾಣುತ್ತದೆ. ಕ್ಯಾಮೆರಾದ ಮೇಲಿನ ಆರೋಪವನ್ನು ಹಿಂತೆಗೆದುಕೊಂಡಿದ್ದೇನೆ.

ಇನ್ನು ಆ ಸನ್ನೆ. ಅದು ತಾತ್ತ್ವಿಕ ಪದವಲ್ಲ. ಅದು ನಮ್ಮ ಸನ್ನೆ ಭಾಷೆಯದ್ದೂ ಅಲ್ಲ, ಅವಳೇ ತಂದದ್ದು. ಅದರ ಅರ್ಥ 'ಇನ್ನೂ ಅದನ್ನೇ ಹೇಳುತ್ತಿದ್ದಾರೆ.'

ನೀವು ಒಂದು ಅಂಶವನ್ನು ಮೂರನೆಯ ಸಲ ಹೇಳಲು ಹೊರಟಾಗ ಅವಳು ಆ ಬೆರಳು ಸುತ್ತಿಸಿ ಕಾಯುತ್ತಿದ್ದಳು. ಹೊಸದೇನಾದರೂ ಬಂದರೆ ಮತ್ತೆ ಕೈ ಹಾರುತ್ತಿತ್ತು. ನಿಮ್ಮ ಇಡೀ ಸಮಾರೋಪ ಅವಳ ಕೈಯಲ್ಲಿ ನಾಲ್ಕು ಮಾತು. ಆದರೆ ಆ ನಾಲ್ಕು ಮಾತು ಹೇಗಿರುತ್ತಿದ್ದವು ಗೊತ್ತೇ? ಊಟದ ಕೋಣೆಯಲ್ಲಿ ನಾವು ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಿದ್ದೆವು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ವಾದದ ಕೊನೆಗೆ ವೀಕ್ಷಕರು ಮತ ಹಾಕುತ್ತಾರಲ್ಲ, ನಮ್ಮ ಶಾಲೆಯ ಮತಗಳೆಲ್ಲ ಯಾವಾಗಲೂ ನಿಮಗೇ ಬೀಳುತ್ತಿದ್ದವು. ನೀವು ಅದನ್ನು ಹೆಮ್ಮೆಯಿಂದ ಸಭೆಯಲ್ಲಿ ಹೇಳಿಕೊಂಡದ್ದೂ ಉಂಟು. ಅದನ್ನೂ ಅವಳು ನಗದೆ ಸನ್ನೆ ಮಾಡಿದಳು. ನಾವು ಮತ ಹಾಕುತ್ತಿದ್ದದ್ದು ಅವಳಿಗೆ.

ಬೇಸರವಾದರೆ ಕ್ಷಮಿಸಿ.

ಟೀಚರ್


ಏಪ್ರಿಲ್ ೧೪

ಟೀಚರಮ್ಮನವರಿಗೆ,

ನಿಮ್ಮ ಪತ್ರವನ್ನು ಊಟದ ಮೇಜಿನಲ್ಲಿ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. 'ಇನ್ನೂ ಅದನ್ನೇ ಹೇಳುತ್ತಿದ್ದಾರೆ' ಎಂಬಲ್ಲಿಗೆ ಬಂದಾಗ ಆಕೆ ಚಮಚವನ್ನು ಕೆಳಗಿಟ್ಟಳು.

"ಅದರ ಅರ್ಥ ಕೇಳೋಕೆ ಪೋಸ್ಟ್ ಹಾಕ್ಬೇಕಿತ್ತಾ? ನನ್ನನ್ನೇ ಕೇಳಿದ್ರೆ ಹೇಳ್ತಿದ್ನಲ್ರೀ."

"ನಿನಗೆ ಹೇಗೆ ಗೊತ್ತು?"

"ಅವಳಿಗೆ ಕಲಿಸಿದ್ದೇ ನಾನು. ನೀವು ಊಟಕ್ಕೆ ಕೂತು ಭಾಷಣ ಶುರು ಮಾಡಿದಾಗೆಲ್ಲ ಅವಳಿಗೆ ನಿಮ್ಮ ಬೆನ್ನ ಹಿಂದಿನಿಂದ ಹೀಗೆ ಮಾಡಿ ತೋರಿಸ್ತಿದ್ದೆ. ಚಿಕ್ಕವಳಿದ್ದಾಗಿಂದ." ಹಾಗೆಂದು ಅಂಗೈಯ ಮೇಲೆ ಎರಡು ಬೆರಳು ಸುತ್ತಿಸಿ ಕೆನ್ನೆ ಉಬ್ಬಿಸಿದಳು. ಥೇಟ್ ಕಿಟಕಿಯಲ್ಲಿದ್ದಂತೆಯೇ. ಆಮೇಲೆ ನಗತೊಡಗಿದಳು. ಸೆಪ್ಟೆಂಬರಿನ ನಂತರ ಈ ಮನೆಯಲ್ಲಿ ಆ ಸದ್ದು ಕೇಳಿರಲಿಲ್ಲ. ನಾನು ಆಕ್ಷೇಪಣೆ ಎತ್ತಲು ಬಾಯಿ ತೆರೆದೆ. ಆಕೆ ಮತ್ತೆ ಬೆರಳು ಸುತ್ತಿಸಿದಳು. ನಾನೂ ನಕ್ಕೆ.

ಬೇಸರವಾಗಿಲ್ಲ. ನಿಮಗೆ ತಿಳಿದಿರಲಿ, ನನ್ನ ಪಕ್ಷವನ್ನು ನನಗಿಂತ ಚೆನ್ನಾಗಿ ಮಂಡಿಸಿದವರನ್ನು ನಾನು ಎಂದೂ ಎದುರಾಳಿ ಎಂದುಕೊಂಡವನಲ್ಲ.

ಆ ಹುಡುಗಿಯನ್ನು ಮುಂದಿನ ಶನಿವಾರವೇ ಕಳುಹಿಸಿ. ಕಿಟಕಿ ತೆರೆದಿದೆ.

ಅಧ್ಯಕ್ಷ


ಮೇ ೨೩

ಎತ್ತಿದ ಬೆರಳಿನವರೇ,

ಹುಡುಗಿ ನಿಭಾಯಿಸುತ್ತಿದ್ದಾಳೆ. ಮೊದಲ ವಾರ ಹೆದರಿ ಮೊಣಕೈಯನ್ನು ಕಿಟಕಿಯ ಆಚೆಗೆ ಚಾಚಿದಳು, ಎರಡನೆಯ ವಾರ ಪ್ರೊಜೆಕ್ಟರ್ ಅಣ್ಣ ಕಿಟಕಿಯನ್ನೇ ಅಗಲ ಮಾಡಿದರು. ಬೆರಳುಗಳು ಚಾಕುವಿನಲ್ಲಿ ಕೊರೆದ ಹಾಗೆ ಕಾಣುತ್ತವೆ. ಮೊದಲೆಲ್ಲ ಗೋಡೆಯ ಹತ್ತಿರಕ್ಕೆ ಕತ್ತು ಚಾಚಿ ನೋಡುತ್ತಿದ್ದ ನಮ್ಮ ಹೆಡ್‌ಮಾಸ್ತರು ಈಗ ಕೊನೆಯ ಬೆಂಚಿಗೆ ಒರಗಿ ಕೂರುತ್ತಾರೆ.

ನೀವು ಹೇಳಿದ್ದನ್ನೇ ಸುತ್ತಿ ಸುತ್ತಿ ಹೇಳುವಾಗ ಅವಳು ಮಾತ್ರ ಪಾಪ ಅಷ್ಟನ್ನೂ ಚಾಚೂ ತಪ್ಪದೆ ತಿರುಗಿಸುತ್ತಾಳೆ. ಇನ್ನೂ ಹೊಸಬಳು. ಊಟದ ಕೋಣೆಯಲ್ಲಿ ನಾವೇ ಬೆರಳು ಸುತ್ತಿಸಿಕೊಳ್ಳುತ್ತೇವೆ.

ಒಂದು ಮಾತು, ದೂರಲ್ಲ. ಹೋದ ಶನಿವಾರ ನಿಮ್ಮ ಎದುರಾಳಿ ಹೇಳಿದ ಅಂಕಿಅಂಶ ಶುದ್ಧ ತಪ್ಪು. ನನ್ನ ಆರನೇ ಕ್ಲಾಸಿನ ಮಕ್ಕಳೂ ಹಿಡಿಯುತ್ತಿದ್ದರು. ನಾನು ಎದ್ದು ನಿಂತು ಗೋಡೆಗೆ ಉತ್ತರ ಕೊಟ್ಟೆ. ಸುತ್ತಲಿದ್ದವರೆಲ್ಲ ಹೌದೆಂದರು. ನೀವು ಅದನ್ನು ಗಮನಿಸದೆ ಬಿಟ್ಟುಬಿಟ್ಟಿರಿ, ಸೋತಿರಿ. ನಮಗೆ ನೀವೆಲ್ಲ ಕಾಣುತ್ತೀರಿ, ನಾವು ನಿಮಗೆ ಕಾಣುವುದಿಲ್ಲ. ಅಷ್ಟೇ. ಇಷ್ಟು ವರ್ಷ ನೋಡಿ ನೋಡಿ ನಮಗೂ ಉತ್ತರಗಳು ಬಹಳ ಕೂಡಿಕೊಂಡಿವೆ.

ಟೀಚರ್


ಜೂನ್ ೭

ಶನಿವಾರದ ವಾದ ಮಂಡಳಿಯ ಎಲ್ಲ ಸದಸ್ಯರಿಗೆ,

ಮೂಲೆಯ ಕಿಟಕಿಯ ಹೊಣೆಯನ್ನು ಏಪ್ರಿಲ್ ಕೊನೆಯವರೆಗೆಂದು ಪಡೆದಿದ್ದೆ. ಕಿಟಕಿ ತೆರೆದಿದೆ, ನೀವೆಲ್ಲ ನೋಡಿದ್ದೀರಿ. ಭಾವಚಿತ್ರದ ನಿರ್ಣಯವನ್ನು ಮಂಡಿಸಿದವರೇ ಹೋದ ವಾರ ನನ್ನ ಬಳಿ ಬಂದು, "ನೀವು ಹೇಳಿದ್ದೇ ಸರಿ ಕಣ್ರೀ" ಎಂದರು. ಈ ಮಂಡಳಿಯಲ್ಲಿ ಆ ವಾಕ್ಯವನ್ನು ಇನ್ನೊಬ್ಬರ ಬಾಯಿಂದ ನಾನು ಕೇಳಿದ್ದು ಅಪರೂಪ. ದಾಖಲೆಗೆ ಸೇರಿಸಿದ್ದೇನೆ.

ಹಿಂದಿನ ಪತ್ರದಲ್ಲಿ ಸಹಾನುಭೂತಿಗೆ ಪ್ರತಿವಾದವಿಲ್ಲವೆಂದು ಬರೆದಿದ್ದೆ. ಈಗ ನೋಡಿದರೆ ಪ್ರತಿ ಶನಿವಾರ ಊರಿನ ಇನ್ನೊಂದು ತುದಿಯ ಊಟದ ಕೋಣೆಯಲ್ಲಿ ನಮ್ಮ ಪ್ರತಿಯೊಂದು ಮಾತಿಗೂ ಪ್ರತಿವಾದ ನಡೆಯುತ್ತಿದೆ. ನಾವು ಅದನ್ನು ಒಮ್ಮೆಯೂ ಕಂಡಿಲ್ಲ. ಚಿತ್ರ ಒಂದೇ ದಿಕ್ಕಿಗೆ ಹೋಗುತ್ತಿದೆ. ತಾಂತ್ರಿಕವಾಗಿ ಇದಕ್ಕೆ ಕಾರಣವೇನೂ ಇಲ್ಲ. ಆ ಕೋಣೆಯವರನ್ನು ನಮ್ಮ ವೇದಿಕೆಯಲ್ಲಿ ತೋರಿಸಲು ಇನ್ನೊಂದು ಕ್ಯಾಮೆರಾ, ಇನ್ನೊಂದು ಕಾರ್ಡು, ಹಿಂಬದಿಯ ಇನ್ನೊಂದು ನೀಲಿ ಕಿಂಡಿ, ಅಷ್ಟೇ ಬೇಕಾದದ್ದು. ಅವನ್ನು ಕೊಂಡಿದ್ದೇನೆ. ಮೇಜನ್ನು ಎಳೆದಾಗಿದೆ.

ಆದ್ದರಿಂದ ಕೆಳಗಿನ ತೀರ್ಮಾನವನ್ನು ಕೈಗೊಂಡಿದ್ದೇನೆ. ಕಾರ್ಯಕಾರಿ ಸಮಿತಿಯನ್ನು ಕೇಳಿಲ್ಲ. ಉಪಾಧ್ಯಕ್ಷರನ್ನು ಕೇಳಿಲ್ಲ. ಹೆಂಡತಿಯನ್ನೂ ಕೇಳಿಲ್ಲ. ಆಕೆಗೆ ಹೇಗೋ ಗೊತ್ತಾಗಿದೆ.

ಮುಂದಿನ ಶನಿವಾರದ ವಿಷಯ 'ಗ್ರಂಥಾಲಯದಲ್ಲಿ ಮೌನ ಕಡ್ಡಾಯವಾಗಿರಬೇಕೇ?' ಎಂಬುದು. ವಾದ ಪೂರ್ತಿಯಾಗಿ ಸನ್ನೆ ಭಾಷೆಯಲ್ಲಿ ನಡೆಯುತ್ತದೆ. ವೇದಿಕೆಯ ಎರಡೂ ಪಕ್ಷಗಳಲ್ಲಿ ಕಿವುಡರ ಶಾಲೆಯವರೇ ಇರುತ್ತಾರೆ. ಪರದೆಯ ದೊಡ್ಡ ಭಾಗ ಅವರ ಕೈಗಳದ್ದು. ಸನ್ನೆ ಬಾರದ ನಮ್ಮಂಥವರಿಗಾಗಿ ಆ ಕೈಗಳ ಮಾತನ್ನು ಬಾಯಿಮಾತಿಗೆ ತಿರುಗಿಸುವವರು ಬಲಮೂಲೆಯ ಸಣ್ಣ ಕಿಟಕಿಯಲ್ಲಿ ಕೂರುತ್ತಾರೆ.

ಆ ಕಿಟಕಿಯಲ್ಲಿ ಕೂರುವವನು ನಾನು. ನನಗಿನ್ನೂ ಬೆರಳಕ್ಷರಗಳೇ ಪೂರ್ತಿ ಹತ್ತಿಲ್ಲವಾದ್ದರಿಂದ ಬಸ್ ಓಡಿಸುವ ಅಕ್ಕನವರು ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳುತ್ತಾರೆ, ನಾನು ಧ್ವನಿ ಕೊಡುತ್ತೇನೆ. ಮೈಕು ಈಗಾಗಲೇ ಪರೀಕ್ಷೆಯಾಗಿದೆ.

ಮೊದಲ ಭಾಷಣ ಗಣಿತದ ಟೀಚರಮ್ಮನವರದು. ಅವರಿಗೆ ಇಷ್ಟು ಹೊತ್ತೇ ಎಂಬ ಮಿತಿಯನ್ನು ಹಾಕಿಲ್ಲ. ಆದರೆ ಅವರು ಒಂದೇ ಅಂಶಕ್ಕೆ ಮೂರನೆಯ ಸಲ ಮರಳಿದರೆ, "ಇನ್ನೂ ಅದನ್ನೇ ಹೇಳುತ್ತಿದ್ದಾರೆ" ಎಂದು ಸಭೆಗೆ ತಿಳಿಸಿ ಸುಮ್ಮನೆ ಕಾಯುವ ಹಕ್ಕು ಆ ಕಿಟಕಿಯಲ್ಲಿ ಕೂತವರಿಗೆ ಮೊದಲಿನಿಂದಲೂ ಇದೆ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಇತಿ,
ಎತ್ತಿದ ಬೆರಳು